ಹಲಗೆಯಕ್ಕ ಮತ್ತು ಹದಿನಾಲ್ಕನೇ ಕಲಂ

ಅನುದಾನದ ಅರ್ಜಿ ಹತ್ತೊಂಬತ್ತು ಪುಟ ಇತ್ತು. ಮಕ್ಕಳು ಪಲ್ಟಿ ಹೊಡೆಯಲು ನಾಲ್ಕು ಮ್ಯಾಟು ಕೊಡಿ ಎಂದು ಕೇಳುವುದಕ್ಕೆ ಹತ್ತೊಂಬತ್ತು ಪುಟ ತುಂಬಬೇಕು ಎಂದರೆ, ಅದನ್ನು ತಯಾರಿಸಿದ ಪುಣ್ಯಾತ್ಮ ಹುಟ್ಟಿದಾಗಿನಿಂದ ಒಂದು ಪಲ್ಟಿಯನ್ನೂ ಹೊಡೆದವನಲ್ಲ. ಆದರೆ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಅದು ಕೈಗೆ ಬಂದ ದಿನ ಹಿಗ್ಗೋ ಹಿಗ್ಗು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಖಾಲಿ ಕಲಂ ಕಂಡರೆ ಸಾಕು, ಅವರ ಪೆನ್ನು ತಾನಾಗಿಯೇ ಜೇಬಿನಿಂದ ಎದ್ದು ಬರುತ್ತಿತ್ತು.

ಹಿಗ್ಗಿನ ಹಿಂದೆ ಭಯವೂ ಇತ್ತು. ಜಿಮ್ನಾಸ್ಟಿಕ್ಸ್ ಕ್ಲಬ್ಬು ನಡೆಯುತ್ತಿದ್ದದ್ದು ಹಿಂದೆ ಐಸ್ ಫ್ಯಾಕ್ಟರಿಯಾಗಿದ್ದ ಒಂದು ಶೆಡ್ಡಿನಲ್ಲಿ. ದಪ್ಪ ಗೋಡೆ, ಎತ್ತರದ ತಗಡಿನ ಸೂರು, ಒಂದು ಸಣ್ಣ ಸದ್ದನ್ನೂ ಬಿಡದೆ ಹಿಡಿದು ವಾಪಸ್ಸು ಕೊಡುವಂಥ ಜಾಗ. ಸಲಕರಣೆಗಳೆಲ್ಲ ಹಳತಾಗಿವೆ, ವರ್ಷದೊಳಗೆ ಹೊಸವು ಬರದಿದ್ದರೆ ಶೆಡ್ಡು ಖಾಲಿ ಮಾಡಿ ಎಂದು ಪುರಸಭೆ ನೋಟಿಸು ಕೊಟ್ಟಿತ್ತು. ಅವರ ಮಾತಲ್ಲಿ ಸುಳ್ಳೇನಿಲ್ಲ. ಮ್ಯಾಟುಗಳು ಚಪ್ಪಟೆಯಾಗಿ ಚಾಪೆಯಂತಾಗಿದ್ದವು. ಮಕ್ಕಳು ಓಡಿ ಬಂದು ಕೈಯೂರಿ ದಾಟುವ ಚರ್ಮದ ಪೆಟ್ಟಿಗೆಗೆ ಎಲ್ಲರೂ ಕುದುರೆ ಅನ್ನುತ್ತಿದ್ದರು. ಆ ಕುದುರೆಯ ಹೊಟ್ಟೆ ಹರಿದು ಹತ್ತಿ ಹೊರಗೆ ಇಣುಕುತ್ತಿತ್ತು. ಸಂಜೆ ಅರವತ್ತೆರಡು ಮಕ್ಕಳು ಬರುತ್ತಿದ್ದರು, ಶುಲ್ಕ ಕೊಡುವ ಶಕ್ತಿ ಇದ್ದ ಮನೆಗಳು ಅದರಲ್ಲಿ ಅರ್ಧವೂ ಇಲ್ಲ. ಸಮುದಾಯ ಕ್ರೀಡಾ ಅನುದಾನ ಸಿಕ್ಕರೆ ಕ್ಲಬ್ಬು ಉಳಿಯಿತು, ಇಲ್ಲವಾದರೆ ಬೀಗ.

ಹಾಗಾಗಿ ಕಾರ್ಯದರ್ಶಿಗಳು ಒಂದು ಮಧ್ಯಾಹ್ನ ಹಲಗೆಯಕ್ಕನನ್ನು ಕೂರಿಸಿಕೊಂಡರು. ಕ್ಲಬ್ಬು ಶುರುವಾದ ಕಾಲದಿಂದ ಉಳಿದವಳು ಅವಳೊಬ್ಬಳೇ. ಕ್ಲಬ್ಬು ಕಟ್ಟಿದ ಮಾಸ್ತರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಹಲಗೆಯಕ್ಕನಿಗೆ ಈಗ ಐವತ್ತೆಂಟು. ಮೂವತ್ತೊಂದನೇ ವಯಸ್ಸಿನಲ್ಲಿ ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸುವುದಕ್ಕೆ. ಗಂಡ ಲಾರಿ ಹತ್ತಿ ಹೋಗಿದ್ದ. ಹದಿನೈದು ದಿನ ಬಿಟ್ಟು ಲಾರಿ ಬಂತು, ಗಂಡ ಬರಲಿಲ್ಲ. ಅವನನ್ನು ಕಾದು ಕೂರುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ತಮ್ಮನ ಮನೆ ಸೇರಿಕೊಂಡು, ಹಂಗಿನ ಅನ್ನ ಬೇಡವೆಂದು ಕೆಲಸ ಹುಡುಕಿಕೊಂಡಳು. ಒಂದು ದಿನ ಪೊರಕೆ ಹಿಡಿದು ನಿಂತವಳು ಮಾಸ್ತರಿಗೆ, "ಸಾರ್, ಆ ಮಗು ಸರಿಯಾಗೇ ಓಡ್ತಿದೆ. ಹಲಗೆನೇ ನಾಲ್ಕು ಬೆರಳು ಮುಂದಿದೆ, ಹಿಂದಕ್ಕೆ ಎಳೀರಿ" ಅಂದಳು. ಮಾಸ್ತರು ನಕ್ಕರು, ಆಮೇಲೆ ಎಳೆದು ನೋಡಿದರು. ಆ ಮಗು ಕುದುರೆಯ ಮೇಲಿಂದ ಹಾರಿ ಬಂದು ನೇರ ನಿಂತಿತು. ಮಾಸ್ತರು ಅವಳ ಕೈಯಿಂದ ಪೊರಕೆ ಕಿತ್ತುಕೊಳ್ಳಲಿಲ್ಲ, ಆದರೆ ಅಂದಿನಿಂದ ಹಲಗೆ ಅವಳದಾಯಿತು.

ಹೊರಗಿನವರಿಗೆ ಇದೇನು ದೊಡ್ಡ ಕೆಲಸ ಅನ್ನಿಸಬಹುದು. ಕುದುರೆಯ ಮುಂದೆ ಒಂದು ಸ್ಪ್ರಿಂಗ್ ಹಲಗೆ ಇರುತ್ತದೆ. ಮಗು ದೂರದಿಂದ ಓಡಿ ಬಂದು ಅದರ ಮೇಲೆ ಎರಡೂ ಕಾಲು ಊರಿ ಚಿಮ್ಮುತ್ತದೆ. ಕುಳ್ಳಿಗೆ ಹಲಗೆ ಕುದುರೆಯ ಹತ್ತಿರ ಇರಬೇಕು, ಉದ್ದದವಳಿಗೆ ದೂರ ಇರಬೇಕು. ಒಬ್ಬೊಬ್ಬರಿಗೂ ಅವರದೇ ಗುರುತು, ಓಟಕ್ಕೂ ಅವರದೇ ಹೆಜ್ಜೆ: ಒಬ್ಬಳಿಗೆ ಒಂಬತ್ತು, ಇನ್ನೊಬ್ಬಳಿಗೆ ಹದಿಮೂರು. ಓಡುವ ಮಗು ಹಲಗೆಯನ್ನು ನೋಡುವುದಿಲ್ಲ. ಅದರ ಕಣ್ಣು ಕುದುರೆಯ ಮೇಲೆ, ಎಣಿಕೆ ಮನಸ್ಸಿನಲ್ಲಿ. ಹಲಗೆ ಇರಬೇಕಾದ ಕಡೆ ಇದ್ದೇ ಇರುತ್ತದೆ ಎಂದು ನಂಬಿಕೊಂಡು ಓಡುತ್ತದೆ. ಆ ನಂಬಿಕೆಯೇ ಹಲಗೆಯಕ್ಕನ ಕೆಲಸವಾಗಿತ್ತು. ಗೇಣು, ಬೆರಳುಗಳಲ್ಲಿ ಪ್ರತಿ ಮಗುವಿನ ಅಳತೆಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಮಗುವನ್ನು ನೋಡಿಯೇ, "ಏನೇ, ರಜೆಯಲ್ಲಿ ಬೆಳೆದುಬಿಟ್ಟೆಯಲ್ಲ, ಎರಡು ಬೆರಳು ಹಿಂದಕ್ಕೆ ಹೋಗ್ಬೇಕು ನಿಂಗೆ" ಅನ್ನುತ್ತಿದ್ದಳು. ಹೆತ್ತವರಿಗೇ ಗೊತ್ತಾಗಿರುತ್ತಿರಲಿಲ್ಲ.

ಶೆಡ್ಡಿಗೆ ಒಂದು ಕಟ್ಟುನಿಟ್ಟು ಇತ್ತು, ಮಾಸ್ತರು ಹಾಕಿದ್ದು. ಮಗು ಕೈಯೆತ್ತಿ ಓಟ ಶುರು ಮಾಡಿತೆಂದರೆ ಯಾರೂ ತುಟಿ ಬಿಚ್ಚಬಾರದು. ಮಧ್ಯದಲ್ಲಿ ಕೂಗಿದರೆ ಮಗುವಿನ ಎಣಿಕೆ ಕೆಡುತ್ತದೆ, ಎಣಿಕೆ ಕೆಟ್ಟರೆ ಕೈಕಾಲು ಮುರಿಯುತ್ತದೆ. ಆಗ ಐಸ್ ಫ್ಯಾಕ್ಟರಿಯಲ್ಲಿ ಕೇಳುತ್ತಿದ್ದದ್ದು ಬರಿಗಾಲಿನ ಸದ್ದು ಮಾತ್ರ.

"ಹದಿನಾಲ್ಕನೇ ಕಲಂ," ಎಂದು ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡರು. "ಸಂಸ್ಥೆ ಆರಂಭವಾದಂದಿನಿಂದ ಮಕ್ಕಳಿಗೆ ಆದ ಗಂಭೀರ ಗಾಯ, ಅದರ ಕಾರಣ, ಗಾಯಗೊಂಡವರ ಹೇಳಿಕೆ ಮತ್ತು ಸಹಿ. ನಮ್ಮಲ್ಲಿ ಅಂಥದ್ದು ಒಂದೇ ಅಲ್ವಾ ಅಕ್ಕ? ಮಾಸ್ತರ ರಿಜಿಸ್ಟರಿನಲ್ಲಿದೆ. ಇಪ್ಪತ್ತೆರಡು ವರ್ಷದ ಹಿಂದೆ. ಹತ್ತು ವರ್ಷದ ಹುಡುಗಿ, ಎಡ ಮೊಣಕೈ. ಕಾರಣ: ಹುಡುಗಿ ಹೆಜ್ಜೆಯ ಎಣಿಕೆ ತಪ್ಪಿದ್ದು. ಸದ್ಯ, ಕ್ಲಬ್ಬಿನ ತಪ್ಪೇನಿಲ್ಲ. ಬಚಾವ್."

ಹಲಗೆಯಕ್ಕ ಅವರ ಕೈಯಲ್ಲಿದ್ದ ಪೆನ್ನನ್ನೇ ನೋಡಿದಳು.

"ಓಹೋ, ಎಳ್ಳೆಣಿಕೆ ಅಂತಾರಲ್ಲ ಮಕ್ಕಳು, ಅದು ಈ ಹುಡುಗಿಯಿಂದ ಬಂದದ್ದಾ?" ಎಂದು ಕಾರ್ಯದರ್ಶಿಗಳಿಗೆ ಈಗ ಹೊಳೆಯಿತು.

ಅದು ಹಾಗೆಯೇ ಬಂದದ್ದು. ಆ ಹುಡುಗಿ ಪುಟ್ಟಗೆ, ಕಪ್ಪಗೆ, ಚುರುಕಾಗಿದ್ದಳು. ಎಲ್ಲರೂ ಎಳ್ಳು ಅನ್ನುತ್ತಿದ್ದರು. ಅವಳು ಬಿದ್ದ ಮೇಲೆ ಮಾಸ್ತರು ಪ್ರತಿ ವರ್ಷ ಹೊಸ ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದರು: "ಎಣಿಕೆ ಮರೀಬೇಡಿ. ನಮ್ಮ ಎಳ್ಳು ಎಂಥಾ ಹುಡುಗಿ! ಒಂದು ಸಲ ಎಣಿಕೆ ತಪ್ಪಿದ್ಲು, ಕೈ ಹೋಯ್ತು." ಬಯ್ಯುವುದಕ್ಕಲ್ಲ, ಸಂಕಟದಿಂದ ಹೇಳುತ್ತಿದ್ದರು. ಆದರೆ ಮಕ್ಕಳ ಬಾಯಿಗೆ ಅದು ಬಯ್ಗುಳವಾಗಿ ಸಿಕ್ಕಿತು. ಯಾರಾದರೂ ಹೆಜ್ಜೆ ತಪ್ಪಿಸಿದರೆ, "ಏ, ನಿಂದು ಎಳ್ಳೆಣಿಕೆ ಕಣೇ!" ಎಂದು ನಗುತ್ತಿದ್ದರು. ಎಳ್ಳು ಎಂಬುದು ಒಬ್ಬ ಹುಡುಗಿಯ ಹೆಸರು ಎಂದು ಈಗಿನ ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಕಾರ್ಯದರ್ಶಿಗಳು ಒಂದು ಬಿಳಿ ಹಾಳೆಯ ಮೇಲೆ ತಾವೇ ಹೇಳಿಕೆ ಬರೆದು ತಳ್ಳಿದರು. "ಆ ಹುಡುಗಿ ಈಗ ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿಯಲ್ಲಿ ಇದ್ದಾಳಂತೆ. ನಾನು ಹೋದ್ರೆ ಯಾರೋ ಏನೋ ಅಂದ್ಕೋತಾಳೆ. ನೀವು ಎತ್ತಿ ಆಡಿಸಿದೋರು, ನೀವು ಕೇಳಿದ್ರೆ ಇಲ್ಲ ಅನ್ನಲ್ಲ. ಒಂದು ಸಹಿ ಹಾಕಿಸ್ಕೊಂಡು ಬನ್ನಿ ಅಕ್ಕ. ಶುಕ್ರವಾರ ಕೊನೇ ದಿನ."

ಹಾಳೆಯಲ್ಲಿ ಎರಡೇ ಸಾಲು ಇತ್ತು. ನನ್ನ ಹೆಜ್ಜೆಯ ಎಣಿಕೆಯನ್ನು ನಾನೇ ತಪ್ಪಿಸಿದ್ದರಿಂದ ಬಿದ್ದೆ. ಕ್ಲಬ್ಬಿನ ಮೇಲೆ ನನಗೆ ದೂರಿಲ್ಲ.

ಎಳ್ಳಿನ ಎಣಿಕೆ ತಪ್ಪಿರಲಿಲ್ಲ. ಅದು ಗೊತ್ತಿದ್ದ ಒಬ್ಬಳೇ ಒಬ್ಬಳು ಹಲಗೆಯಕ್ಕ.

ಅದು ಆಯ್ಕೆ ಪಂದ್ಯದ ದಿನ. ಉದ್ದಿ ಎಂದು ಕರೆಯುತ್ತಿದ್ದ ಎತ್ತರದ ಹುಡುಗಿಯ ಸರದಿ ಬಂದಿತ್ತು; ಹಲಗೆಯಕ್ಕ ಅವಳ ಗುರುತಿಗೆ ಹಲಗೆ ಎಳೆದಿಟ್ಟಳು. ಅಷ್ಟರಲ್ಲಿ ಉದ್ದಿಯ ಮಣಿಕಟ್ಟಿನ ಪಟ್ಟಿ ಬಿಚ್ಚಿಕೊಂಡಿತು. ಮಾಸ್ತರು ಎಳ್ಳಿಗೆ, ನೀನು ಮೊದಲು ಹೋಗು ಎಂದು ಕೈಸನ್ನೆ ಮಾಡಿದರು. ಹಲಗೆಯಕ್ಕ ಬೆನ್ನು ತಿರುಗಿಸಿ ಉದ್ದಿಯ ಪಟ್ಟಿ ಕಟ್ಟುತ್ತಿದ್ದಳು. ತಿರುಗಿ ನೋಡುವಾಗ ಎಳ್ಳು ಆಗಲೇ ಓಡುತ್ತಿದ್ದಳು, ಹಲಗೆ ಉದ್ದಿಯ ಗುರುತಿನಲ್ಲೇ ಕೂತಿತ್ತು, ಇರಬೇಕಾದಲ್ಲಿಗಿಂತ ಒಂದೂವರೆ ಗೇಣು ಹಿಂದೆ. ಶೆಡ್ಡಿನ ಕಟ್ಟುನಿಟ್ಟು ಅವಳ ಬಾಯಿಗೆ ಬೀಗ ಹಾಕಿತು. ಹನ್ನೊಂದನೇ ಹೆಜ್ಜೆ ಮುಗಿಸಿ ಹುಡುಗಿ ಚಿಮ್ಮಲು ಕಾಲೂರಿದ ಕಡೆ ಹಲಗೆಯ ತುದಿಯಂಚು ಮಾತ್ರ ಸಿಕ್ಕಿತು. ಕಾಲು ಜಾರಿತು, ಕುದುರೆಗೂ ಹಲಗೆಗೂ ನಡುವೆ ಬಿದ್ದಳು, ಮೊಣಕೈ ಮೈಕೆಳಗೆ ಸಿಕ್ಕಿತು. ಆ ಸದ್ದಿನ ವರ್ಣನೆ ಬೇಡ.

ಮಾಸ್ತರು ಹುಡುಗಿಯನ್ನು ಎತ್ತಿಕೊಂಡು ಹೊರಗೆ ಓಡಿದರು. ಎಲ್ಲರೂ ಅವರ ಹಿಂದೆ ಓಡಿದರು. ಶೆಡ್ಡಿನಲ್ಲಿ ಹಲಗೆಯಕ್ಕ ಒಬ್ಬಳೇ ನಿಂತಿದ್ದಳು. ನಿಂತವಳು, ಓರೆಯಾದ ಕಾಲೊರೆಸನ್ನು ನೇರ ಮಾಡುವ ಹಾಗೆ, ಪಾದದಿಂದ ಹಲಗೆಯನ್ನು ಮುಂದಕ್ಕೆ ನೂಕಿದಳು. ಎಳ್ಳಿನ ಗುರುತಿಗೆ ಸರಿಯಾಗಿ ನಿಂತಿತು. ಯಾಕೆ ನೂಕಿದೆ ಎಂದು ಅವಳಿಗೆ ಆಗಲೂ ಗೊತ್ತಿರಲಿಲ್ಲ ಎಂದು ಹೇಳಿ ಅವಳನ್ನು ಉಳಿಸಬಹುದು. ಅದು ಸುಳ್ಳಾಗುತ್ತದೆ. ಅವಳಿಗೆ ಗೊತ್ತಿತ್ತು. ಕೆಲಸ ಹೋದರೆ ತಮ್ಮನ ಮನೆಯ ಮೂಲೆಯೇ ಗತಿ ಎಂದು ಗೊತ್ತಿತ್ತು, ಹಲಗೆಯಕ್ಕ ಅನ್ನಿಸಿಕೊಂಡವಳು ಮತ್ತೆ ಕಸ ಗುಡಿಸುವವಳಾಗುವುದು ಗೊತ್ತಿತ್ತು.

ಮಾಸ್ತರು ಆಸ್ಪತ್ರೆಯಿಂದ ಬಂದವರು ಟೇಪು ಹಿಡಿದು ಅಳೆದರು. ಹಲಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಪಾಪ, ಮಗು ಎಣಿಕೆ ತಪ್ಪಿದೆ," ಅಂದರು. ಹಲಗೆಯಕ್ಕ ಹೂಂ ಅಂದಳು.

ಆ ಘಟನೆ ಆಗಿ ಒಂದು ತಿಂಗಳಿಗೆ ಅವಳಿಗೆ ಹೆಜ್ಜೆಗಳು ಕೇಳಿಸತೊಡಗಿದವು. ಮೊದಲ ಸಲ ಮಟಮಟ ಮಧ್ಯಾಹ್ನ, ಖಾಲಿ ಶೆಡ್ಡಿನಲ್ಲಿ ಗುಡಿಸುತ್ತಿದ್ದಾಗ. ಓಟದ ಪಟ್ಟಿಯ ಆ ತುದಿಯಿಂದ ಪುಟ್ಟ ಬರಿಗಾಲು ಓಡಿಬಂದ ಸದ್ದು. ಹಲಗೆಯ ಹತ್ತಿರ ಬಂದು ನಿಂತುಹೋಯಿತು. ಪೊರಕೆ ಕೈಯಿಂದ ಜಾರಿತು. ಸತ್ತವರು ದೆವ್ವವಾಗಿ ಕಾಡಿದ್ದನ್ನು ಅವಳು ಕೇಳಿದ್ದಳು. ಇಲ್ಲಿ ಹುಡುಗಿ ಬದುಕಿದ್ದಾಳೆ, ಕೈಗೆ ಪ್ಲಾಸ್ಟರು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ, ಅವಳ ಹೆಜ್ಜೆ ಮಾತ್ರ ಇಲ್ಲಿ ಬಂದು ಓಡುತ್ತಿದೆ. ಯಾರಿಗೆ ಹೇಳುವುದು? ಹೇಳಿದರೆ ತಲೆ ಕೆಟ್ಟಿದೆ ಅಂತಾರೆ. ಯಾಕೆ ಅಂತ ಕೇಳಿದರಂತೂ ಇನ್ನೂ ಕಷ್ಟ.

ಬರಬರುತ್ತಾ ಅವು ಮನೆಗೂ ಬಂದವು. ತಮ್ಮನ ಹೆಂಡತಿ ಹೊಲಿಗೆ ಮೆಷಿನ್ನು ತುಳಿಯುವಾಗ ಆ ಸದ್ದಿನ ಒಳಗಿಂದ ಎದ್ದು ಬರುತ್ತಿದ್ದವು. ಹಲಗೆಯಕ್ಕ ಅನ್ನ ಕಲಸುವ ಕೈ ನಿಲ್ಲಿಸಿ ಎಣಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ಒಂದೇ ಒಂದು ಆಸೆಯಿಂದ ಎಣಿಸಿದಳು: ಒಂದು ಸಲವಾದರೂ ಹತ್ತಾಗಲಿ, ಇಲ್ಲ ಹನ್ನೆರಡಾಗಲಿ. ಒಂದು ಸಲ ತಪ್ಪಿದ್ದರೆ ಸಾಕಿತ್ತು, ಹುಡುಗಿಯೂ ತಪ್ಪಿರಬಹುದು ಎಂದು ಉಸಿರು ಬಿಡುತ್ತಿದ್ದಳು. ಪ್ರತಿ ಸಲವೂ ಹನ್ನೊಂದೇ.

ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಅವಳು ಎರಡು ದಿನ ಓಡಾಡಿದಳು. ಬುಧವಾರ ತಮ್ಮನ ಹೆಂಡತಿ ಮೆಷಿನ್ನು ನಿಲ್ಲಿಸಿ ದಿಟ್ಟಿಸಿದಳು.

"ಏನಕ್ಕ, ಅನ್ನ ಮುಂದಿಟ್ಕೊಂಡು ಯಾವ ಲೋಕದಲ್ಲಿದ್ದೀರಾ? ಆ ಅರ್ಜಿ ಬಂದಾಗಿಂದ ನಿಮಗೆ ಗರ ಬಡಿದ ಹಾಗಾಗಿದೆ."

"ಸಹಿ ಹಾಕಿಸ್ಕೊಂಡು ಬಾ ಅಂದಿದ್ದಾರೆ."

"ಹಾಕಿಸ್ಕೊಂಡು ಬನ್ನಿ. ಅದಕ್ಕೇನು ಗುಡ್ಡ ಹೊರಬೇಕಾ?"

"ಸುಳ್ಳಿಗೆ ಸಹಿ ಹಾಕಿಸ್ಬೇಕು ಕಣೇ."

ತಮ್ಮನ ಹೆಂಡತಿ ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿದಳು. "ಅರ್ಜಿ ಅಂದ್ಮೇಲೆ ಅದೆಲ್ಲ ಇದ್ದದ್ದೇ. ಅರವತ್ತು ಮಕ್ಕಳ ಆಟ ನಿಲ್ಲೋದಕ್ಕಿಂತ ಒಂದು ಸಹಿ ದೊಡ್ಡದಾ?" ಅಂದು ಮತ್ತೆ ಮೆಷಿನ್ನು ತುಳಿದಳು. ಅವಳ ಮಾತಲ್ಲಿ ತಪ್ಪೇನಿತ್ತು? ಹಲಗೆಯಕ್ಕನಿಗೂ ಅದೇ ಸರಿ ಅನ್ನಿಸಿತು. ಮುಚ್ಚಿಹೋದದ್ದನ್ನು ಕೆದಕಿ, ಈಗಿನ ಮಕ್ಕಳ ಕಾಲ ಕೆಳಗಿನ ಮ್ಯಾಟು ಎಳೆಯುವುದು ಯಾವ ನ್ಯಾಯ ಎಂದು ತನಗೆ ತಾನೇ ಹೇಳಿಕೊಂಡಳು. ಗುರುವಾರ ಬೆಳಿಗ್ಗೆ ಔಷಧಿ ಅಂಗಡಿಗೆ ಹೊರಟಳು.

ಅಂಗಡಿ ತೆರೆದು ಅರ್ಧ ಗಂಟೆಯಾಗಿತ್ತು. ಎಳ್ಳಿಗೆ ಈಗ ಮೂವತ್ತೆರಡು. ಕೂದಲು ಬಿಗಿಯಾಗಿ ಕಟ್ಟಿ, ಬಿಳಿ ಕೋಟು ಹಾಕಿಕೊಂಡು ಕೌಂಟರಿನ ಹಿಂದೆ ನಿಂತಿದ್ದಳು. ಎಡಗೈ ಪೂರ್ತಿ ನೇರವಾಗದೆ ಯಾವಾಗಲೂ ಕೊಡ ಎತ್ತಿಕೊಂಡವಳ ಹಾಗೆ ಮಡಚಿಕೊಂಡಿತ್ತು. ಡಬ್ಬಿಯಿಂದ ಮಾತ್ರೆ ಸುರಿದು, ಒಂದು ಚಪ್ಪಟೆ ಪಟ್ಟಿಯಿಂದ ಎರಡೆರಡಾಗಿ ಸರಿಸಿ ಎಣಿಸುತ್ತಿದ್ದಳು. ಮುಗಿಸಿದವಳು ಎಲ್ಲವನ್ನೂ ಒಟ್ಟುಮಾಡಿ ಮತ್ತೆ ಮೊದಲಿನಿಂದ ಎಣಿಸಿದಳು. ಮೂರನೇ ಸಲವೂ ಎಣಿಸಿದಳು. ಕಾಯುತ್ತಿದ್ದ ಮುದುಕರೊಬ್ಬರು, "ತಾಯಿ, ಅವು ಮರಿ ಹಾಕಲ್ಲ, ಕೊಡಮ್ಮ" ಅಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಆದರೆ ಎಣಿಕೆ ನಿಲ್ಲಿಸಲಿಲ್ಲ.

ಹಲಗೆಯಕ್ಕನನ್ನು ಕಂಡು ಅವಳ ಮುಖ ಅರಳಿತು. "ಅಯ್ಯೋ, ಹಲಗೆಯಕ್ಕ! ಬನ್ನಿ ಬನ್ನಿ, ಒಳಗೆ ಬಂದು ಕೂತ್ಕೊಳ್ಳಿ." ಸ್ಟೂಲು ಎಳೆದು ಕೊಟ್ಟಳು. "ಯಾವ ಮಾತ್ರೆ ಬೇಕಿತ್ತು?"

"ಇಲ್ಲ ಕಣಮ್ಮ. ಕ್ಲಬ್ಬಿನ ಕೆಲಸ. ನೀನ್ಯಾಕೆ ಅಷ್ಟು ಸಲ ಎಣಿಸ್ತೀಯ?"

"ಗೊತ್ತಲ್ಲಕ್ಕ ನಿಮಗೆ," ಎಂದು ಅವಳು ಮಡಚಿದ ಕೈ ಎತ್ತಿ ತೋರಿಸಿದಳು. "ನನ್ನ ಎಣಿಕೆ ನಂಬೋಕಾಗಲ್ಲ. ಅವತ್ತು ನನ್ನ ಕೈ ಹೋಯ್ತು, ಪರವಾಗಿಲ್ಲ. ಇಲ್ಲಿ ತಪ್ಪಿದ್ರೆ ಬೇರೆಯವರ ಜೀವ ಹೋಗುತ್ತೆ. ನಮ್ಮಪ್ಪ ಕೊನೆವರೆಗೂ ಅಂತಿದ್ರು, ಹನ್ನೊಂದು ಎಣಿಸೋಕೆ ಬರ್ಲಿಲ್ವಲ್ಲೇ ನಿಂಗೆ ಅಂತ. ನನ್ನ ಮಗಳಿಗೆ ಈಗ ಎಂಟು ವರ್ಷ. ಶೆಡ್ಡಿಗೆ ಸೇರಿಸು ಅಂತ ದಿನಾ ಪ್ರಾಣ ತಿಂತಾಳೆ. ನಾನು ಬಿಲ್‌ಕುಲ್ ಬಿಟ್ಟಿಲ್ಲ. ನನ್ನ ಮಗಳಲ್ವಾ, ನನ್ನ ಎಣಿಕೇನೇ ಬಂದಿರುತ್ತೆ ಅಂತ ಭಯ."

ಹಾಳೆ ಹೇಗೆ ಹೊರಗೆ ಬಂತು, ತಾನೇ ಕೊಟ್ಟಳೋ ಎಳ್ಳೇ ಇಸಕೊಂಡಳೋ ಹಲಗೆಯಕ್ಕನಿಗೆ ತಿಳಿಯಲಿಲ್ಲ. ಅನುದಾನ, ಪುರಸಭೆ, ನಾಳೆ ಕೊನೇ ದಿನ ಎಂದು ಏನೇನೋ ತೊದಲಿದಳು. ಎಳ್ಳು ಎರಡು ಸಾಲನ್ನೂ ಓದಿದಳು. "ಇಷ್ಟೇನಾ? ಇದಕ್ಕೆ ನೀವು ಬಿಸಿಲಲ್ಲಿ ನಡ್ಕೊಂಡು ಬರ್ಬೇಕಿತ್ತಾ, ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ದೆ." ಹಾಳೆಯನ್ನು ಕೌಂಟರಿನ ಮೇಲೆ ಹರವಿ, ಮಡಚಿದ ಕೈಯ ಮುಷ್ಟಿಯಿಂದ ಒತ್ತಿ ಹಿಡಿದು, ಬಲಗೈಯಲ್ಲಿ ಪೆನ್ನು ಹಿಡಿದು ಬಗ್ಗಿದಳು. ಅವಳು ಹಾಳೆ ನೋಡುತ್ತಿರಲಿಲ್ಲ, ಹಲಗೆಯಕ್ಕನ ಮುಖ ನೋಡಿ ನಗುತ್ತಿದ್ದಳು. ಯಾವ ಅನುಮಾನವೂ ಇಲ್ಲದ ನಗು.

"ಬೇಡ!"

ಹಲಗೆಯಕ್ಕ ಕೂಗಿದ ರಭಸಕ್ಕೆ ಅಂಗಡಿ ಮಾಲೀಕ ಒಳಗಿನಿಂದ ಓಡಿಬಂದ. ಎಳ್ಳಿನ ಪೆನ್ನು ಹಾಳೆಯ ಮೇಲೆ ಒಂದು ಗೀಟು ಎಳೆದು ನಿಂತಿತು.

"ಬೇಡ ಕಣಮ್ಮ. ಸಹಿ ಹಾಕ್ಬೇಡ. ನಿನ್ನ ಎಣಿಕೆ ಸರಿಯಾಗೇ ಇತ್ತು. ಹನ್ನೊಂದೇ ಇತ್ತು. ಹಲಗೆ ತಪ್ಪಿತ್ತು. ನಾನು ಉದ್ದಿ ಗುರುತಿಗೆ ಇಟ್ಟೋಳು ತೆಗೀಲಿಲ್ಲ. ನೋಡೋ ಹೊತ್ತಿಗೆ ತಡವಾಗಿತ್ತು. ಆಮೇಲೆ ನಿನ್ನ ಎತ್ಕೊಂಡು ಹೋದ್ರಲ್ಲ, ಆಗ ಕಾಲಲ್ಲಿ ನೂಕಿ ಸರಿ ಮಾಡ್ದೆ."

ಮಾಲೀಕನಿಗೆ ಒಂದೂ ಅರ್ಥವಾಗಲಿಲ್ಲ. ಎಳ್ಳಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗುವುದನ್ನು ಹಲಗೆಯಕ್ಕ ಅವಳ ಮುಖದಲ್ಲಿ ಕಣ್ಣಾರೆ ಕಂಡಳು. ಬಯ್ಯುತ್ತಾಳೆ, ಅಳುತ್ತಾಳೆ, ಎದ್ದು ಹೋಗಿ ಅನ್ನುತ್ತಾಳೆ ಎಂದು ಕಾದಳು. ಎಳ್ಳು ಪೆನ್ನನ್ನು ಮತ್ತೆ ಹಾಳೆಗೆ ಊರಿದಳು. ಕಾರ್ಯದರ್ಶಿಗಳು ಬರೆದ ಎರಡೂ ಸಾಲು ಹೊಡೆದುಹಾಕಿದಳು. ಕೆಳಗೆ ನಿಧಾನವಾಗಿ, ದುಂಡಗೆ ಬರೆದಳು: ನನ್ನ ಎಣಿಕೆ ಸರಿಯಾಗಿತ್ತು. ಹಲಗೆಯನ್ನು ತಪ್ಪು ಜಾಗದಲ್ಲಿ ಇಡಲಾಗಿತ್ತು. ಸಹಿ ಹಾಕಿ, ತಾರೀಖು ಬರೆದು, ಹಾಳೆಯನ್ನು ಕೌಂಟರಿನ ಮೇಲೆ ಸರಿಸಿದಳು. ಆಮೇಲೆ ಮುಂದಿನ ಗಿರಾಕಿಯ ಚೀಟಿಗೆ ಕೈಚಾಚಿದಳು.

ಕಾರ್ಯದರ್ಶಿಗಳು ಅದನ್ನು ಓದಿ, ಹಲಗೆಯಕ್ಕನ ಬಾಯಿಂದ ಉಳಿದದ್ದನ್ನೂ ಕೇಳಿ, ತಲೆಯ ಮೇಲೆ ಕೈ ಹೊತ್ತು ಕೂತರು.

"ಏನಕ್ಕ ಇದು! ತೀರಕ್ಕೆ ಬಂದ ದೋಣೀನ ನೀವೇ ಮುಳುಗಿಸ್ತಿದ್ದೀರಲ್ಲ! ಇಪ್ಪತ್ತೆರಡು ವರ್ಷ ಬಾಯಿ ಮುಚ್ಕೊಂಡಿದ್ರಿ, ಇನ್ನು ನಾಲ್ಕು ದಿನ ಮುಚ್ಕೊಂಡಿರೋಕೆ ಆಗ್ಲಿಲ್ವಾ?"

"ಆಗ್ಲಿಲ್ಲ ಸಾರ್."

"ಬೇರೆ ಹಾಳೆ ಬರೀತೀನಿ. ನೀವೇ ಸಾಕ್ಷಿ ಅಂತ ಹಾಕಿ."

"ನಾನು ಹಾಕಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಷ್ಟು ಗಟ್ಟಿಯಾಗಿ ಅವಳು ಅವರೊಡನೆ ಎಂದೂ ಮಾತಾಡಿರಲಿಲ್ಲ. ಕಾರ್ಯದರ್ಶಿಗಳಿಗೆ ಸುಳ್ಳು ಬರೆಯುವ ಧೈರ್ಯ ಇತ್ತು, ಸಹಿ ಇಲ್ಲದ ಕಲಂ ಕಳಿಸುವ ಧೈರ್ಯ ಇರಲಿಲ್ಲ. ಗೊಣಗುತ್ತಾ ಹಾಗೆಯೇ ಲಕೋಟೆಗೆ ಹಾಕಿದರು.

ಆ ಶುಕ್ರವಾರದಿಂದ ಹೆಜ್ಜೆಗಳು ನಿಂತವು. ಹಲಗೆಯಕ್ಕ ಮಧ್ಯಾಹ್ನ ಬೇಕೆಂದೇ ಶೆಡ್ಡಿನಲ್ಲಿ ಒಬ್ಬಳೇ ಕೂತು ಕಿವಿಗೊಟ್ಟಳು. ಸೂರಿನ ತಗಡು ಬಿಸಿಲಿಗೆ ಟಕ್ಕೆಂದದ್ದು ಬಿಟ್ಟರೆ ಏನೂ ಇಲ್ಲ. ತಮ್ಮನ ಹೆಂಡತಿಯ ಮೆಷಿನ್ನು ಬರೀ ಮೆಷಿನ್ನಾಯಿತು. ಎಳ್ಳು ಬಯ್ಯಲಿಲ್ಲವಲ್ಲ, ಅಂದರೆ ಮನ್ನಿಸಿದ್ದಾಳೆ ಎಂದು ಅವಳು ಲೆಕ್ಕ ಹಾಕಿಕೊಂಡಳು. ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಎರಡು ತಿಂಗಳು ಉಸಿರು ಬಿಗಿಹಿಡಿದು ಕಾದ ಮೇಲೆ ಒಬ್ಬ ಅಧಿಕಾರಿ ಬಂದು ಶೆಡ್ಡಿನ ಉದ್ದಗಲ ನೋಡಿ, ಅವಳನ್ನು ಹತ್ತು ಪ್ರಶ್ನೆ ಕೇಳಿ ಹೋದರು. ಅನುದಾನ ಮಂಜೂರಾಯಿತು. ಕೇಳಿದ್ದಷ್ಟು ಅಲ್ಲ, ಆದರೆ ಮ್ಯಾಟು, ಹಲಗೆ, ಹೊಸ ಕುದುರೆಗೆ ಸಾಲುವಷ್ಟು. ಜೊತೆಗೆ ಒಂದು ಷರತ್ತು: ಹದಿನಾಲ್ಕನೇ ಕಲಮಿನಲ್ಲಿ ಹೇಳಿದ ಹಲಗೆಯನ್ನು ಇಟ್ಟ ವ್ಯಕ್ತಿ ಇನ್ನು ಮುಂದೆ ಸಲಕರಣೆ ಮುಟ್ಟಬಾರದು. ಕಾರ್ಯದರ್ಶಿಗಳು ಅದನ್ನು ಓದಲು ಬಾಯಿ ಬಾರದೆ ಕಾಗದವನ್ನೇ ಅವಳ ಮುಂದೆ ಹಿಡಿದರು. "ಸರಿಯಾಗೇ ಇದೆ ಸಾರ್" ಅಂದು ಅವಳು ಅಳತೆಯ ನೋಟುಬುಕ್ಕನ್ನು ಮಾಸ್ತರ ನಂತರ ಬಂದ ಹೊಸ ಕೋಚಿನ ಕೈಗೆ ಕೊಟ್ಟಳು. ಆ ಕೋಚು ಇಲ್ಲೇ ಬೆಳೆದ ಹುಡುಗಿ, ಟೇಪು ಹಿಡಿದು ಮಾತ್ರ ನಂಬುವವಳು. ಹಲಗೆಯಕ್ಕ ಮತ್ತೆ ಪೊರಕೆ ಹಿಡಿದಳು. ಇಪ್ಪತ್ತೆರಡು ವರ್ಷ ಹೆದರಿದ್ದು ಇದಕ್ಕೇನಾ ಅನ್ನಿಸಿತು, ಅಷ್ಟೇನೂ ಭಾರವಿರಲಿಲ್ಲ.

ಹೊಸ ಮ್ಯಾಟುಗಳು ಬಂದ ವಾರ ಎಳ್ಳು ಶೆಡ್ಡಿಗೆ ಬಂದಳು. ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ. ಜೊತೆಗೆ ಮಗಳು, ಅವಳಂತೆಯೇ ಪುಟ್ಟಗೆ, ಕಪ್ಪಗೆ. ಹುಡುಗಿ ಚಪ್ಪಲಿ ಬಿಡುವಷ್ಟೂ ತಾಳ್ಮೆಯಿಲ್ಲದೆ ಒಂದನ್ನು ಅಲ್ಲಿ ಒಂದನ್ನು ಇಲ್ಲಿ ಎಸೆದು ಬೇರೆ ಮಕ್ಕಳ ಜೊತೆ ಸೇರಿಕೊಂಡಳು. ಹಲಗೆಯಕ್ಕನ ಕಣ್ಣು ತುಂಬಿತು. ಆ ಚಪ್ಪಲಿಗಳನ್ನು ಜೋಡಿಸಿಟ್ಟು ಎಳ್ಳಿನ ಹತ್ತಿರ ಹೋದಳು.

"ಬಂದ್ಯಾಮ್ಮ. ಒಳ್ಳೇದಾಯ್ತು. ಅವಳ ಹಲಗೆ ನಾನು ಮುಟ್ಟಲ್ಲ, ಹೆದರ್ಬೇಡ."

ಎಳ್ಳು ಓಟದ ಪಟ್ಟಿಯನ್ನು ನೋಡುತ್ತಾ ನಿಂತಿದ್ದಳು, ಆ ತುದಿಯಿಂದ ಈ ತುದಿಯವರೆಗೆ.

"ಒಂದು ಕೇಳ್ಬೇಕಿತ್ತು," ಅಂದಳು. ಹಲಗೆಯಕ್ಕ ಎಂದು ಕರೆಯಲಿಲ್ಲ, ಅಕ್ಕ ಅಂತಲೂ ಅನ್ನಲಿಲ್ಲ. "ಆವತ್ತಿಂದ ಅದನ್ನೇ ಯೋಚಿಸ್ತಿದ್ದೀನಿ. ನೋಡೋ ಹೊತ್ತಿಗೆ ತಡವಾಗಿತ್ತು ಅಂದ್ರಿ. ನೀವು ನೋಡಿದಾಗ ನಾನು ಎಷ್ಟನೇ ಹೆಜ್ಜೆಲಿದ್ದೆ?"

ಈ ಪ್ರಶ್ನೆಯನ್ನು ಮಾಸ್ತರು ಕೇಳಿರಲಿಲ್ಲ, ಅಧಿಕಾರಿ ಕೇಳಿರಲಿಲ್ಲ. ತಡವಾಗಿತ್ತು ಎಂದು ಅವಳು ತನಗೇ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅದು ನಿಜವೆಂದೇ ಆಗಿಹೋಗಿತ್ತು. ಆದರೆ ಎಲ್ಲರ ಹೆಜ್ಜೆ ಎಣಿಸುವುದೇ ಕೆಲಸವಾಗಿದ್ದವಳಿಗೆ ಇದೊಂದು ಮಾತ್ರ ಮರೆತುಹೋಗಿರಲು ಸಾಧ್ಯವೇ?

"ಮೂರು," ಅಂದಳು.

"ಮೂರು." ಎಳ್ಳು ತಲೆಯಾಡಿಸಿದಳು. "ಹಾಗಾದ್ರೆ ಇನ್ನೂ ಎಂಟು ಇತ್ತು."

"ಓಟದ ಮಧ್ಯೆ ಕೂಗಬಾರದು ಅಂತ ಮಾಸ್ತರು..."

"ಗೊತ್ತು. ನನಗೂ ಹೇಳಿದ್ರು." ಎಳ್ಳು ಹೆಗಲಿನ ಚೀಲವನ್ನು ಮಡಚಿದ ಕೈಗೆ ಏರಿಸಿಕೊಂಡಳು. "ಆರು ಗಂಟೆಗೆ ಬಂದು ಅವಳನ್ನ ಕರ್ಕೊಂಡು ಹೋಗ್ತೀನಿ."

ಅವಳು ತಿರುಗಿ ನಡೆದಳು. ನಿಯಮ ಅಲ್ಲ ಕಣೇ, ನನಗೆ ಹೆದರಿಕೆಯಾಗಿತ್ತು, ಕೂಗಿದ್ರೆ ನನ್ನ ತಪ್ಪು ಎಲ್ರಿಗೂ ಗೊತ್ತಾಗ್ತಿತ್ತು, ಅದಕ್ಕೇ ಕೂಗಲಿಲ್ಲ ಎಂದು ಹೇಳಬೇಕೆಂದು ಹಲಗೆಯಕ್ಕನಿಗೆ ಅನ್ನಿಸಿತು. ಶೆಡ್ಡು ಉದ್ದವಾದದ್ದು, ಎಳ್ಳು ಅವಸರವಿಲ್ಲದೆ ನಡೆಯುತ್ತಿದ್ದಳು, ಬಾಗಿಲು ಇನ್ನೂ ದೂರವಿತ್ತು. ಕೂಗಿ ಕರೆಯುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಅವಳು ಕೂಗಲಿಲ್ಲ.